ಕರಾವಳಿಯವರ ಕೈಗೆ ಡೈವ್ ವಾಚು

ಮಲ್ಪೆ ಬಂದರಿನಲ್ಲಿ ಬೋಟುಗಳ ಎಂಜಿನ್ ದುರಸ್ತಿ ನನ್ನ ವೃತ್ತಿ. ಸಮುದ್ರದ ಆಳಕ್ಕೆ ಎಂದೂ ಇಳಿಯದವರಿಗೂ ನಮ್ಮ ಊರಿನಲ್ಲಿ ನೀರಿನಲ್ಲಿ ಮುಳುಗುವವರಿಗೆಂದು ಮಾಡಿದ ಡೈವ್ ವಾಚೇ ಸರಿ, ಅದರಲ್ಲೂ ಸೆಲ್ಲಿಲ್ಲದೆ ನಡೆಯುವ ಕಡಿಮೆ ಬೆಲೆಯ ಆಟೋಮ್ಯಾಟಿಕ್ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೇ ತಿಂಗಳ ಬೆವರು, ಜೂನ್‌ನಿಂದ ಹಿಡಿದು ಬಿಡದ ಮಳೆ, ವರ್ಷವಿಡೀ ಗಾಳಿಯಲ್ಲಿರುವ ಉಪ್ಪು, ಇವು ಮೂರೂ ಸೇರಿ ಇಲ್ಲಿ ಸಾಧಾರಣ ಕೈಗಡಿಯಾರವನ್ನು ಬಾಳಗೊಡುವುದಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಬೋಟುಗಳೆಲ್ಲ ದಡ ಸೇರುವುದರಿಂದ ನಮಗೆ ಕೆಲಸ ಹೆಚ್ಚು, ಮಳೆಯೂ ಹೆಚ್ಚು.

ಡೈವ್ ವಾಚುಗಳಿಗೆಂದೇ ಇರುವ ಐಎಸ್‌ಒ 6425 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವಾಚು ಕನಿಷ್ಠ 100 ಮೀಟರ್ ಆಳಕ್ಕೆ ಯೋಗ್ಯವಾಗಿರಬೇಕು, ನಮೂದಿಸಿದ್ದಕ್ಕಿಂತ ಶೇ. 25ರಷ್ಟು ಹೆಚ್ಚಿನ ಒತ್ತಡವನ್ನು ತಾಳಬೇಕು, ಉಪ್ಪುನೀರಿನಲ್ಲಿ 24 ಗಂಟೆ ಇಟ್ಟರೂ ಕೆಡಬಾರದು, ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯ ಓದಲು ಬರಬೇಕು. ಎಂಜಿನ್ ಕೋಣೆಯೊಳಗೆ ಬಗ್ಗಿ ಕೆಲಸ ಮಾಡುವವರಿಗೆ ಆ ಕೊನೆಯ ನಿಯಮದ ಬೆಲೆ ಚೆನ್ನಾಗಿ ಗೊತ್ತು.

ಆಟೋಮ್ಯಾಟಿಕ್ ಏಕೆ ಎಂದರೆ, ಸೆಲ್ಲಿನ ವಾಚಿನ ಹಿಂಬದಿಯ ಮುಚ್ಚಳವನ್ನು ಎರಡು ಮೂರು ವರ್ಷಕ್ಕೊಮ್ಮೆ ತೆಗೆಯಲೇಬೇಕು. ಹಳೆಯ ರಬ್ಬರ್ ವಾಷರನ್ನೇ ಒತ್ತಿ ಮುಚ್ಚಿ ಕೊಟ್ಟರೆ ಮುಂದಿನ ಮಳೆಗಾಲಕ್ಕೆ ಗ್ಲಾಸಿನ ಒಳಗೆ ಆವಿ ಕಟ್ಟುತ್ತದೆ. ಇಂತಹ ವಾಚುಗಳನ್ನು ನಮ್ಮವರ ಕೈಯಲ್ಲಿ ನಾನು ಬಹಳ ಕಂಡಿದ್ದೇನೆ. ಕೈ ಆಡಿದಂತೆ ಒಳಗಿನ ತೂಕದ ಚಕ್ರ ತಿರುಗಿ ಸ್ಪ್ರಿಂಗನ್ನು ಸುತ್ತುವ ಯಂತ್ರಕ್ಕೆ ಆ ಗೊಡವೆ ಇಲ್ಲ.

ನಾನು ಕಟ್ಟುವುದು 1996ರಲ್ಲಿ ಬಂದು 2019ರ ವೇಳೆಗೆ ನಿಂತುಹೋದ ಸೀಕೋ ಎಸ್‌ಕೆಎಕ್ಸ್007. ಅದರ 7ಎಸ್26 ಯಂತ್ರಕ್ಕೆ ಕೈಯಿಂದ ಕೀ ಕೊಡಲು ಬರುವುದಿಲ್ಲ, ದಿನಕ್ಕೆ ಕೆಲವು ಸೆಕೆಂಡು ಮುಂದೆಯೋ ಹಿಂದೆಯೋ ಹೋಗುತ್ತದೆ. ಭರತ ಇಳಿತ ನೋಡಿ ಬದುಕುವ ಊರಿನಲ್ಲಿ ಅದೊಂದು ಕೊರತೆಯೆಂದು ನನಗೆ ಅನ್ನಿಸಿಲ್ಲ. ಅದರ ಜಾಗಕ್ಕೆ ಬಂದ ಹೊಸ ಸೀಕೋ 5 ಸ್ಪೋರ್ಟ್ಸ್‌ನಲ್ಲಿ ಯಂತ್ರವೇನೋ ಸುಧಾರಿಸಿದೆ, ಕೀಯೂ ಕೊಡಬಹುದು. ಆದರೆ ನೀರು ನುಗ್ಗದಂತೆ ತಿರುಪಿ ಬಿಗಿಯುವ ಕೀಯ (ವಾಚಿನ ಪಕ್ಕದ ಗುಂಡಿಯ) ಬದಲು ಸಾದಾ ಕೀ ಹಾಕಿ, ತಾಳುವ ಆಳವನ್ನು 200 ಮೀಟರಿನಿಂದ 100ಕ್ಕೆ ಇಳಿಸಿದ್ದು ನನಗೆ ಒಪ್ಪಿಗೆಯಿಲ್ಲ. ಈಗ ಕೊಳ್ಳುವವರು ಓರಿಯಂಟ್ ಕಮಾಸು ಅಥವಾ ಸಿಟಿಜನ್ ಪ್ರೊಮಾಸ್ಟರ್‌ನ ಆಟೋಮ್ಯಾಟಿಕ್ ಡೈವರ್ ನೋಡಲಿ. ಎರಡರಲ್ಲೂ ತಿರುಪಿನ ಕೀ ಇದೆ, 200 ಮೀಟರೂ ಇದೆ.

ಒರಟು ಬಳಕೆ ಎಂದರೆ ಅಲಕ್ಷ್ಯವಲ್ಲ. ಸಂಜೆ ಚೈನಿನ ಕೊಂಡಿಗಳ ಸಂದಿಯಲ್ಲಿ ಗ್ರೀಸು ಮತ್ತು ಉಪ್ಪು ಸೇರಿ ಕಪ್ಪಗೆ ಅಂಟಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಾವಿಯ ನೀರಿನಲ್ಲಿ ತಿಕ್ಕಿ ತೊಳೆಯುತ್ತೇನೆ. ಬೆಜೆಲ್, ಅಂದರೆ ಗ್ಲಾಸಿನ ಸುತ್ತ ತಿರುಗುವ ಬಳೆ, ಬಿಗಿಯಾದರೆ ಅದರ ಅಡಿಯಲ್ಲಿ ಮರಳು ಕೂತಿದೆಯೆಂದೇ ಅರ್ಥ, ಆಗ ಸಿಹಿನೀರಿನಲ್ಲಿ ನೆನೆಸಿ ತಿರುಗಿಸಿದರೆ ಸಡಿಲವಾಗುತ್ತದೆ. ಸಮಯ ಸರಿಪಡಿಸಿದ ಮೇಲೆ ಕೀಯನ್ನು ಪೂರ್ತಿ ತಿರುಪಿ ಬಿಗಿಯಬೇಕು. ಸರ್ವಿಸಿಗೆ ಕೊಡುವಾಗ ಕೀಯ ವಾಷರು, ಮುಚ್ಚಳದ ವಾಷರು ಎರಡನ್ನೂ ಬದಲಾಯಿಸಿ ನೀರಿನ ಒತ್ತಡದ ಪರೀಕ್ಷೆ ಮಾಡಿಕೊಡುವ ಅಂಗಡಿಯನ್ನೇ ಹುಡುಕಿ ಕೊಡಿ.