ಮೇ ಸತ್ತಿಲ್ಲ ಸ್ವಾಮಿ, ಬಿಟ್ಟುಬಿಡಿ

ಕೆಂಪು ಬಾಣ, ಕೆಂಪು ವೃತ್ತ, ಹಿಂದೆ ದೆವ್ವದ ಸಿನಿಮಾದ ಮ್ಯೂಸಿಕ್ಕು. ‘ಟೊಟೊರೊ ಬಗ್ಗೆ ಈ ಸತ್ಯ ಗೊತ್ತಾದರೆ ನಿಮಗೆ ರಾತ್ರಿ ನಿದ್ದೆ ಬರಲ್ಲ!’ ರೀಲ್ಸ್ ಮತ್ತೆ ಬಂದಿದೆ. ದನಿ ಬೇರೆ, ಬಾಣ ಅದೇ, ಸತ್ಯವೂ ಅದೇ. ‘ಟೊಟೊರೊ’ ಅನ್ನೋ ಜಪಾನಿನ ಕಾರ್ಟೂನ್ ಸಿನಿಮಾ ಮುಗಿಯೋ ಹೊತ್ತಿಗೆ ಅದರ ಅಕ್ಕ ಸತ್ಸುಕಿ, ತಂಗಿ ಮೇ ಇಬ್ಬರೂ ಸತ್ತುಹೋಗಿರುತ್ತಾರಂತೆ. ಡೊಳ್ಳು ಹೊಟ್ಟೆಯ ಕಾಡಿನ ಜೀವಿ ಟೊಟೊರೊ ಅಸಲಿಗೆ ಯಮನಂತೆ. ಬೆಕ್ಕೇ ಬಸ್ಸಾಗಿರೋ ಬೆಕ್ಕಿನ ಬಸ್ಸು ಹೆಣ ಸಾಗಿಸೋ ಗಾಡಿಯಂತೆ. ನನಗೆ ನಿದ್ದೆ ಚೆನ್ನಾಗೇ ಬಂತು. ಬೆಳಗ್ಗೆ ಎದ್ದ ಮೇಲೆ ಸಿಟ್ಟು ಬಂತು.

ಘಿಬ್ಲಿ ಅಂದರೆ ಏನು ಅಂತ ಈಗ ಯಾರಿಗೂ ಹೇಳಬೇಕಿಲ್ಲ. 2025ರ ಮಾರ್ಚಿನಲ್ಲಿ ಊರಿಗೆ ಊರೇ ಮದುವೆ ಫೋಟೋ, ನಾಮಕರಣದ ಫೋಟೋ, ಹೊಸ ಸ್ಕೂಟರಿನ ಫೋಟೋ ಎಲ್ಲವನ್ನೂ ಎಐ ಕೈಯಲ್ಲಿ ‘ಘಿಬ್ಲಿ’ ಮಾಡಿಸಿಕೊಂಡು ಸ್ಟೇಟಸ್ ಹಾಕಿತ್ತಲ್ಲ, ಆ ಶೈಲಿಯ ಮೂಲ, ಜಪಾನಿನ ಸ್ಟುಡಿಯೋ. ಅಲ್ಲಿನ ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ ಚಿತ್ರ ‘ಮೈ ನೇಬರ್ ಟೊಟೊರೊ’. 86 ನಿಮಿಷ. ವಿಲನ್ ಇಲ್ಲ, ಹೊಡೆದಾಟ ಇಲ್ಲ. ಮಳೆಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯೋದೇ ಇದರಲ್ಲಿ ದೊಡ್ಡ ಸೀನು. ಇಂಥ ಸಿನಿಮಾದಲ್ಲಿ ಎರಡು ಹೆಣ ಹುಡುಕಿ ತೆಗೆಯೋದು ಸಾಮಾನ್ಯರ ಕೆಲಸವೇ? ಈ ಪತ್ತೇದಾರರನ್ನು ಇನ್ನೂ ಯಾಕೆ ಸಿಐಡಿಗೆ ಸೇರಿಸಿಕೊಂಡಿಲ್ಲ ಅಂತ ನನಗೆ ಆಶ್ಚರ್ಯ.

ಅವರ ಸಾಕ್ಷ್ಯಗಳನ್ನು ನೋಡಿ. ಮೊದಲನೆಯದು ನೆರಳು. ಕೊನೇ ಭಾಗದಲ್ಲಿ ಹುಡುಗಿಯರಿಗೆ ನೆರಳಿಲ್ಲ. ನಮ್ಮ ಕಡೆ ದೆವ್ವಕ್ಕೆ ಪಾದ ಹಿಂದಕ್ಕೆ ತಿರುಗಿರಬೇಕು, ಅನಿಮೆಯಲ್ಲಿ, ಅಂದರೆ ಜಪಾನಿನ ಕಾರ್ಟೂನಿನಲ್ಲಿ, ನೆರಳು ಇರಬಾರದು, ಅಷ್ಟೇ. ಇದು ಕೈಯಲ್ಲಿ ಬಿಡಿಸಿದ ಸಿನಿಮಾ ಸ್ವಾಮಿ. ಒಂದೊಂದು ಹಾಳೆಯಲ್ಲೂ ನೆರಳು ಬೇಕು ಅಂದರೆ ಯಾರೋ ಒಬ್ಬರು ಬೆನ್ನು ಬಗ್ಗಿಸಿ ಕೂತು ಬಣ್ಣ ಬಳಿಯಬೇಕು. ಆ ದೃಶ್ಯ ನಡೆಯೋದು ಮುಸ್ಸಂಜೆಯಲ್ಲಿ. ಹೊತ್ತು ಮುಳುಗಿದ ಮೇಲೆ ನಿಮ್ಮ ನೆರಳೂ ಕಾಣಲ್ಲ. ಹಾಗಂತ ಮನೆಯವರು ತಿಥಿ ಊಟಕ್ಕೆ ಅಡುಗೆಯವರನ್ನು ಹುಡುಕಲ್ಲ ಅಲ್ವಾ?

ಎರಡನೆಯದು ಚಪ್ಪಲಿ. ಆಸ್ಪತ್ರೆಯಲ್ಲಿರುವ ಅಮ್ಮನಿಗೆ ಒಂದು ಜೋಳದ ತೆನೆ ಕೊಡಬೇಕು ಅಂತ ಪುಟ್ಟ ಮೇ ಒಬ್ಬಳೇ ಹೊರಟು ದಾರಿ ತಪ್ಪುತ್ತಾಳೆ. ಊರವರು ಕೊಳಕ್ಕೆ ಕೋಲು ಹಾಕಿ ಹುಡುಕುತ್ತಾರೆ. ನೀರಿನಲ್ಲಿ ಒಂದು ಮಗುವಿನ ಚಪ್ಪಲಿ ಸಿಗುತ್ತೆ. ಪಕ್ಕದ ಮನೆಯ ಅಜ್ಜಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬುದ್ಧನ ಹೆಸರು ಜಪಿಸುತ್ತಾ ನಿಂತಿರುತ್ತಾಳೆ. ಸತ್ಸುಕಿ ಏದುಸಿರು ಬಿಡುತ್ತಾ ಓಡಿಬಂದು ನೋಡಿ, ಇದು ಮೇಯದಲ್ಲ ಅನ್ನುತ್ತಾಳೆ. ಅಜ್ಜಿಗೆ ಹೋದ ಜೀವ ಬಂದಂತಾಗುತ್ತೆ. ಇಲ್ಲಿ ನಮ್ಮ ಪತ್ತೇದಾರರ ತೀರ್ಪು: ಸತ್ಸುಕಿ ಸುಳ್ಳು ಹೇಳಿದಳು! ಯಾಕೆ ಹೇಳಿದಳು? ಅವಳಿಗೆ ದುಃಖ ತಡೆಯಲಾಗಲಿಲ್ಲ. ಹೇಗೆ ಗೊತ್ತು? ಮೇ ಸತ್ತಿದ್ದಾಳಲ್ಲ, ಅದಕ್ಕೇ. ಮೇ ಸತ್ತಿದ್ದು ಹೇಗೆ ಗೊತ್ತು? ಚಪ್ಪಲಿ ಸಿಕ್ಕಿತಲ್ಲ!

ಮೂರನೆಯದು ಆಸ್ಪತ್ರೆ. ಬೆಕ್ಕಿನ ಬಸ್ಸು ಅಕ್ಕತಂಗಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೆ. ಅವರು ಒಳಗೆ ಹೋಗದೆ ಹೊರಗಿನ ಮರದ ಮೇಲೇ ಕೂರುತ್ತಾರೆ. ಅಮ್ಮನಿಗೆ ಆಗಿದ್ದು ಬರೀ ನೆಗಡಿ ಅಂತ ಗೊತ್ತಾಗುತ್ತೆ, ಕಿಟಕಿಯ ಮೇಲೆ ಜೋಳದ ತೆನೆ ಇಟ್ಟು ವಾಪಸ್ ಹೋಗುತ್ತಾರೆ. ಅಮ್ಮನನ್ನು ಮಾತಾಡಿಸಲಿಲ್ಲ, ಅಂದ ಮೇಲೆ ಪ್ರೇತಗಳೇ. ಆದರೆ ಆ ತೆನೆಯ ಸಿಪ್ಪೆಯ ಮೇಲೆ ‘ಅಮ್ಮನಿಗೆ’ ಅಂತ ಗೀಚಿರುತ್ತೆ. ತೆನೆ ಹೊರುವ, ಸಿಪ್ಪೆ ಮೇಲೆ ಅಕ್ಷರ ಬರೆಯುವ ಪ್ರೇತ ಯಾವ ಲೋಕದ್ದೋ ನನಗೆ ತಿಳಿಯದು. ಆಮೇಲೆ ಹೆಸರು ಓಡುವಾಗ ಅಮ್ಮ ಕಾರಿನಿಂದ ಇಳಿದು ಮನೆಗೆ ಬರುವುದನ್ನು ತೋರಿಸುತ್ತಾರೆ. ಅದಕ್ಕೂ ಉತ್ತರ ರೆಡಿ ಇದೆ. ಅದೆಲ್ಲ ಫ್ಲ್ಯಾಶ್‌ಬ್ಯಾಕ್ ಅಂತೆ.

ಈ ಕಾಟ ಎಷ್ಟು ಜಾಸ್ತಿ ಆಯಿತು ಅಂದರೆ 2007ರ ಮೇ ತಿಂಗಳಲ್ಲಿ ಸ್ಟುಡಿಯೋದ ಪ್ರಚಾರ ವಿಭಾಗವೇ ಹೇಳಿಕೆ ಕೊಡಬೇಕಾಯಿತು. ಟೊಟೊರೊ ಸಾವಿನ ದೇವರಲ್ಲ, ಮೇ ಸತ್ತಿಲ್ಲ, ದಯವಿಟ್ಟು ಗಾಬರಿ ಬೇಡ. ನೆರಳು ಬಿಡಿಸಿಲ್ಲ ಯಾಕಂದರೆ ಅಲ್ಲಿ ಅದು ಬೇಕು ಅನ್ನಿಸಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾಗಿದ್ದು ನಮ್ಮ ಪಿಂಚಣಿದಾರರು. ನವೆಂಬರ್ ಬಂದರೆ ಬ್ಯಾಂಕಿನಲ್ಲಿ ಸಾಲು ನಿಂತು ‘ನಾನು ಬದುಕಿದ್ದೇನೆ’ ಅಂತ ಸಹಿ ಹಾಕಿ ಬರಬೇಕು. ಎದುರಿಗೆ ನಿಂತು ಕೆಮ್ಮುತ್ತಿರುವ ಮನುಷ್ಯನನ್ನು ಕೌಂಟರಿನವರು ನಂಬಲ್ಲ, ಕಾಗದವನ್ನು ನಂಬುತ್ತಾರೆ. ನಮ್ಮವರ ಲೈಫ್ ಸರ್ಟಿಫಿಕೇಟ್ ಒಂದು ವರ್ಷವಾದರೂ ನಡೆಯುತ್ತೆ. ಪಾಪ ನಾಲ್ಕು ವರ್ಷದ ಮೇಯದು ಒಂದು ವಾರವೂ ನಡೆಯಲಿಲ್ಲ.

ಸ್ಟುಡಿಯೋದವರು ಕಾಗದ ಮಾತ್ರ ಕೊಟ್ಟಿದ್ದಲ್ಲ. 2002ರಲ್ಲೇ ಇದೇ ಮೇಯನ್ನು ಇಟ್ಟುಕೊಂಡು ಮಿಯಾಜಾಕಿ ಒಂದು ಕಿರುಚಿತ್ರ ಮಾಡಿದ್ದರು. ಅದರಲ್ಲಿ ಅವಳು ಬೆಕ್ಕಿನ ಮರಿ ಬಸ್ಸಿನಲ್ಲಿ ಸುತ್ತಾಡುತ್ತಾಳೆ. ಟೋಕಿಯೊ ಹತ್ತಿರದ ಮಿತಾಕಾದ ಘಿಬ್ಲಿ ಮ್ಯೂಸಿಯಮ್ಮಿನಲ್ಲಿ ತೋರಿಸುತ್ತಾರೆ. 2005ರಲ್ಲಿ ಐಚಿಯ ವಿಶ್ವ ಮೇಳಕ್ಕೆ ಅಕ್ಕತಂಗಿಯರ ಮನೆಯನ್ನೇ ಕಟ್ಟಿ ನಿಲ್ಲಿಸಿದರು. ಅದು ಈಗಲೂ ಇದೆ, ಘಿಬ್ಲಿ ಪಾರ್ಕಿನೊಳಗೆ. ಜನ ಟಿಕೆಟ್ ತಗೊಂಡು ಒಳಗೆ ಹೋಗಿ ಬೀರು ತೆಗೆದು ನೋಡಿ ಬರುತ್ತಾರೆ.

ಇನ್ನೂ ಮಜಾ ಇದೆ. 1988ರ ಏಪ್ರಿಲ್ 16ರಂದು ಟೊಟೊರೊ ಬಿಡುಗಡೆಯಾದಾಗ ಅದೇ ಟಿಕೆಟ್‌ನಲ್ಲಿ ಇನ್ನೊಂದು ಸಿನಿಮಾ ಇತ್ತು, ಇಸಾವೊ ತಕಾಹಾತಾ ಅವರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’. ಅದರಲ್ಲಿ ಅಣ್ಣ ಸೇತಾ, ತಂಗಿ ಸೆತ್ಸುಕೊ ಇಬ್ಬರೂ ಹಸಿವಿನಿಂದ ಸಾಯುತ್ತಾರೆ. ಯಾವ ಅನುಮಾನವೂ ಇಲ್ಲ. 1945ರ ಸೆಪ್ಟೆಂಬರ್ 21ರ ರಾತ್ರಿ ತಾನು ಸತ್ತೆ ಅಂತ ಹುಡುಗನೇ ಮೊದಲ ಮಾತಿನಲ್ಲಿ ಹೇಳಿಬಿಡುತ್ತಾನೆ. ಹೆಣವೇ ಬೇಕಿದ್ದವರಿಗೆ ಒಂದೇ ದುಡ್ಡಿಗೆ ಎರಡು ಹೆಣ ಅಲ್ಲೇ ಇದ್ದವು. ಅದನ್ನು ಬಿಟ್ಟು ಪಕ್ಕದ ಸಿನಿಮಾದಲ್ಲಿ ಅಗೆಯೋಕೆ ಹೋದರು.

ಬದುಕಿದವರನ್ನು ಸಾಯಿಸೋದು ಒಂದು ಪಂಥ. ಸತ್ತವರನ್ನು ಎಬ್ಬಿಸೋದು ಇನ್ನೊಂದು ಪಂಥ. ಇವರ ಮೂಲಪುರುಷ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ’ ಅನ್ನೋ ಬಾಹ್ಯಾಕಾಶ ಹಡಗಿನ ಅನಿಮೆ. 1978ರ ಆಗಸ್ಟಿನಲ್ಲಿ ಬಂದ ‘ವಿದಾಯ’ದ ಸಿನಿಮಾದಲ್ಲಿ ನಾಯಕ ಕೊಡಾಯ್ ಹಡಗನ್ನು ನೇರ ಶತ್ರುವಿನ ಮೇಲೆ ನುಗ್ಗಿಸಿ ಸತ್ತ. ಥಿಯೇಟರಿನಲ್ಲಿ ಜನ ಗೊಳೋ ಅಂತ ಅತ್ತರು. ಕಣ್ಣೀರು ಆರುವ ಮುಂಚೆ, ಅಕ್ಟೋಬರಿನಲ್ಲಿ, ಅದೇ ಕಥೆ ಟೀವಿಯಲ್ಲಿ ಶುರುವಾಯಿತು. ಕೊನೆಗೆ ಅವನು ಬದುಕಿಕೊಂಡ. ವಿದಾಯದ ದುಡ್ಡು ವಾಪಸ್ ಬರಲಿಲ್ಲ. ಇದಕ್ಕಿಂತ ಚೆಂದ ಕ್ಯಾಪ್ಟನ್ ಒಕಿಟಾ ಅವರದು. ಮೊದಲ ಸರಣಿ 1975ರಲ್ಲಿ ಮುಗಿಯುವಾಗ, ಭೂಮಿ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ, ಕುರ್ಚಿಯಲ್ಲೇ ಪ್ರಾಣ ಬಿಟ್ಟಿದ್ದರು. ಅಂಥ ಸಾವು ಅನಿಮೆಯಲ್ಲಿ ಕಡಿಮೆ. 1983ರಲ್ಲಿ ‘ಫೈನಲ್ ಯಮಾಟೊ’ ಬಂತು. ಒಕಿಟಾ ಎದ್ದು ಬಂದರು! ಹೇಗೆ? ಡಾಕ್ಟರ್ ಸಾಡೊ ತಪ್ಪು ನೋಡಿದ್ದರಂತೆ. ಸತ್ತಿದ್ದಾರೆ ಅಂತ ಬರೆದುಕೊಟ್ಟಿದ್ದರು, ಮೆದುಳು ಸತ್ತಿರಲಿಲ್ಲವಂತೆ. ಈ ಡಾಕ್ಟರು ಸದಾ ‘ಸಾಕೆ’ ಅನ್ನೋ ಅಕ್ಕಿ ಹೆಂಡದ ಬಾಟಲಿ ತಬ್ಬಿಕೊಂಡೇ ಇರುವ ಮನುಷ್ಯ ಅನ್ನೋದನ್ನು ನೆನೆದರೆ ಮಾತ್ರ ಈ ಕಥೆ ನಂಬಬಹುದು. ಎದ್ದು ಬಂದ ಒಕಿಟಾ ಏನು ಮಾಡಿದರು? ಅದೇ ಸಿನಿಮಾದ ಕೊನೆಗೆ ಇನ್ನೊಮ್ಮೆ ಸತ್ತರು.

‘ಕೋಡ್ ಗಿಯಾಸ್’ ಅನ್ನೋ ಅನಿಮೆಯ ನಾಯಕ ಲೆಲೂಶ್‌ನ ಕಥೆ ಇವತ್ತಿನ ಹುಡುಗರಿಗೆ ಗೊತ್ತೇ ಇದೆ. 2008ರಲ್ಲಿ ಟೀವಿ ಸರಣಿಯ ಕೊನೆಗೆ, ಹಾಡಹಗಲಲ್ಲಿ, ಜನಜಂಗುಳಿಯ ಎದುರು ಕತ್ತಿಗೆ ಎದೆ ಕೊಟ್ಟ. ತಂಗಿ ಹೆಣದ ಮೇಲೆ ಬಿದ್ದು ಗೋಳಾಡಿದಳು. ಆಮೇಲೆ ಒಂದು ಹುಲ್ಲಿನ ಗಾಡಿ. ಗಾಡಿ ಹೊಡೆಯೋನ ಮುಖ ಟೋಪಿಯ ಮರೆಯಲ್ಲಿ. ಸಾಕಾಯಿತು! ಅವನೇ ಲೆಲೂಶ್ ಅಂತ ವರ್ಷಗಟ್ಟಲೆ ಜಗಳ. ಕೊನೆಗೆ 2019ರಲ್ಲಿ ನಿರ್ಮಾಪಕರು ಜನರ ಬೇಡಿಕೆಗೆ ಕಿವಿಗೊಟ್ಟರು, ಅಂದರೆ ಜೇಬಿಗೆ ಕಣ್ಣು ಕೊಟ್ಟರು. ಅವನನ್ನು ಎಬ್ಬಿಸಲಿಕ್ಕೆಂದೇ ಒಂದು ಸಿನಿಮಾ ಬಂತು. ಆದರೆ ಅದು ಟೀವಿ ಕಥೆಯ ಮುಂದುವರಿಕೆ ಅಲ್ಲವಂತೆ, ಸರಣಿಯನ್ನು ಕತ್ತರಿಸಿ ಜೋಡಿಸಿದ ಸಿನಿಮಾಗಳ ಮುಂದುವರಿಕೆಯಂತೆ. ಟೀವಿಯಲ್ಲಿ ಸತ್ತಿದ್ದ ಶರ್ಲಿ ಅನ್ನೋ ಹುಡುಗಿ ಅಲ್ಲಿ ಸಾಯೋದೇ ಇಲ್ಲ, ಇವನ ಹೆಣ ಸಾಗಿಸೋಕೆ ಏರ್ಪಾಡು ಮಾಡಿದ್ದೇ ಅವಳು. ಹೀಗಾಗಿ ಟೀವಿಯಲ್ಲಿ ಸತ್ತವನು ಸತ್ತವನೇ, ಥಿಯೇಟರಿನಲ್ಲಿ ಸತ್ತವನು ಮಾತ್ರ ಎದ್ದ. ಎರಡೂ ಪಾರ್ಟಿಯವರಿಗೂ ಸಮಾಧಾನ. ನಮ್ಮ ರಾಜಕಾರಣಿಗಳು ಕಲಿಯಬೇಕು.

ಸುಮ್ನೆ ಕೂತು ಇವನ್ನೆಲ್ಲ ನಗುತ್ತಾ ಹೇಳಬಹುದು. ಟೊಟೊರೊ ಪತ್ತೇದಾರರ ಕೊನೇ ಸಾಕ್ಷ್ಯಕ್ಕೆ ಮಾತ್ರ ನನಗೆ ನಗು ಬರಲ್ಲ.

1963ರ ಮೇ 1ರಂದು ಜಪಾನಿನ ಸೈತಾಮಾ ಪ್ರಾಂತದ ಸಯಾಮಾದಲ್ಲಿ 16 ವರ್ಷದ ಹುಡುಗಿಯೊಬ್ಬಳು ಕಾಣೆಯಾದಳು. ಕೊಲೆಯಾಗಿತ್ತು. ಟೊಟೊರೊ ಕಥೆಗೆ ಸ್ಫೂರ್ತಿಯಾದ ಬೆಟ್ಟಸಾಲಿನ ಹೆಸರೂ ಸಯಾಮಾ. ಜಪಾನಿ ಭಾಷೆಯಲ್ಲಿ ಸತ್ಸುಕಿ ಅಂದರೂ ಮೇ ತಿಂಗಳು, ಮೇ ಅಂದರೂ ಮೇ ತಿಂಗಳು. ಹಾಗಾಗಿ ಸಿನಿಮಾ ಆ ಕೊಲೆಯ ಕಥೆ, ಕೇಸ್ ಕ್ಲೋಸ್! ನಿಜ ಏನಂದರೆ, ಮೊದಲು ಯೋಚಿಸಿದ ಕಥೆಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ, ಆಮೇಲೆ ಅವಳನ್ನು ಇಬ್ಬರು ಮಾಡಿದರು, ಅದಕ್ಕೇ ಎರಡು ಹೆಸರೂ ಒಂದೇ. ಬಸ್ ಸ್ಟಾಪಿನ ಪೋಸ್ಟರಿನಲ್ಲಿ ಇವತ್ತಿಗೂ ಒಬ್ಬಳೇ ನಿಂತಿದ್ದಾಳೆ, ಅವಳು ಅಕ್ಕನೂ ಅಲ್ಲ, ತಂಗಿಯೂ ಅಲ್ಲ. ಸಿನಿಮಾ ನಡೆಯೋದು 1950ರ ದಶಕದಲ್ಲಿ. ಇದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯೋ ವಿಷಯ.

ತಿಳಿಯಬೇಕಾದ ಬೇರೆ ವಿಷಯವೂ ಇತ್ತು. ಹುಡುಗಿಯನ್ನು ಬಿಡಲು ಪತ್ರ ಬರೆದು ಕೇಳಿದ್ದ ಹಣ ತೆಗೆದುಕೊಳ್ಳಲು ಬಂದವನನ್ನು ಸುಮಾರು 40 ಪೊಲೀಸರು ಕಾದು ಕೂತಿದ್ದೂ ಬಿಟ್ಟುಕೊಟ್ಟರು. ಮರ್ಯಾದೆ ಹೋಯಿತು. ಆಮೇಲೆ ಬುರಾಕು ಕೇರಿಗೆ ನುಗ್ಗಿದರು. ಬುರಾಕು ಅಂದರೆ ಜಪಾನ್ ತಲೆತಲಾಂತರದಿಂದ ದೂರ ಇಟ್ಟ ಜನ. ಅಸ್ಪೃಶ್ಯತೆ ನಮ್ಮ ಒಬ್ಬರದೇ ಗುತ್ತಿಗೆ ಅಲ್ಲ. ಅಲ್ಲಿಂದ 24 ವರ್ಷದ ಕಜುವೊ ಇಶಿಕಾವಾನನ್ನು ಎಳೆದುಕೊಂಡು ಹೋದರು. ಸರಿಯಾಗಿ ಓದು ಬರಹ ಬಾರದವನು. ಬೆದರಿಕೆ ಪತ್ರ ಬರೆದಿದ್ದು ಇವನೇ ಅಂದರು. 1964ರಲ್ಲಿ ಗಲ್ಲು, 1974ರಲ್ಲಿ ಅದು ಜೀವಾವಧಿ ಆಯಿತು. ಅಕ್ಷರ ಕಲಿತಿದ್ದು ಜೈಲಿನಲ್ಲಿ. 1994ರಲ್ಲಿ ಪೆರೋಲ್ ಮೇಲೆ ಹೊರಗೆ ಬಂದ. ತಾನು ಕೊಂದಿಲ್ಲ, ಮರುವಿಚಾರಣೆ ಮಾಡಿ ಅಂತ ಕೇಳುತ್ತಲೇ ಇದ್ದ. 2006ರಲ್ಲಿ ಹಾಕಿದ ಮೂರನೇ ಅರ್ಜಿ ಇತ್ಯರ್ಥವಾಗುವ ಮುಂಚೆ, 2025ರ ಮಾರ್ಚಿನಲ್ಲಿ, 86ನೇ ವಯಸ್ಸಿನಲ್ಲಿ ತೀರಿಕೊಂಡ. ನಾವೆಲ್ಲ ಮದುವೆ ಫೋಟೋ ಘಿಬ್ಲಿ ಮಾಡಿಸುತ್ತಿದ್ದ ಅದೇ ತಿಂಗಳು.

ಒಂದು ನಿಜವಾದ ಹುಡುಗಿ ಸತ್ತಳು. ಒಬ್ಬ ಮನುಷ್ಯನ ಆಯಸ್ಸು ಪೂರ್ತಿ ಕೋರ್ಟಿನ ಬಾಗಿಲಲ್ಲಿ ಸವೆಯಿತು. ಇವೆರಡೂ ಇವರ ಕೈಯಲ್ಲಿ ‘ನಿಮಗೆ ಗೊತ್ತಿಲ್ಲದ ರಹಸ್ಯ’ ಅಂತ 40 ಸೆಕೆಂಡಿನ ವಿಡಿಯೋ ಆದವು. ಅದರಲ್ಲಿ ಇಶಿಕಾವಾ ಹೆಸರೇ ಇಲ್ಲ. ಇದ್ದಿದ್ದರೆ ಲೈಕ್ ಬರುತ್ತಿರಲಿಲ್ಲವೇನೋ. ಥೂ.

ಸಿನಿಮಾದ ಹಿಂದೆ ಒಂದು ನಿಜ ಬೇಕೇ ಬೇಕು ಅಂದರೆ ಅದೂ ಇದೆ. ಮಿಯಾಜಾಕಿ ಚಿಕ್ಕವರಿದ್ದಾಗ ಅವರ ಅಮ್ಮ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಆ ಕಾಲದಲ್ಲಿ ಕ್ಷಯ ಅಂದರೆ ಏನು ಅಂತ ನಮ್ಮ ಅಜ್ಜಿಯರನ್ನು ಕೇಳಿ. ಆದರೆ ಆಕೆ ಸಾಯಲಿಲ್ಲ, ಎದ್ದು ಓಡಾಡಿದರು, ಮಗ ದೊಡ್ಡವನಾಗೋದನ್ನು ನೋಡಿದರು. ಸಿನಿಮಾದ ಆಸ್ಪತ್ರೆಗೆ ಮಾದರಿಯಾದದ್ದೂ ಹಾಚಿಕೊಕುಯಾಮಾ ಗುಡ್ಡದ ಪಕ್ಕದ ಕ್ಷಯರೋಗದ ಆಸ್ಪತ್ರೆಯೇ. ಅಮ್ಮ ಮನೆಗೆ ವಾಪಸ್ ಬಂದಳು ಅನ್ನೋದೇ ಆ ಮನುಷ್ಯನಿಗೆ ಹೇಳಬೇಕಿದ್ದ ಕಥೆ. ಅದನ್ನು ಬಿಡಿಸಿ ಬಣ್ಣ ಹಚ್ಚಿ ತೋರಿಸಿದರೆ ಇವರು ಫ್ಲ್ಯಾಶ್‌ಬ್ಯಾಕ್ ಅನ್ನುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬ ಬಂದೇ ಬರುತ್ತಾನೆ. ‘ಸಾರ್, ಮಕ್ಕಳ ಸಿನಿಮಾ ಅಲ್ವಾ, ಸ್ಟುಡಿಯೋದವರು ಹಾಗೇ ಹೇಳಬೇಕು.’ ಅಯ್ಯಾ, ಅನುಮಾನಪಡಲೇಬೇಕು ಅಂತಿದ್ದರೆ ಅದಕ್ಕೆ ಮಿಯಾಜಾಕಿಯೇ ಜಾಗ ಬಿಟ್ಟಿದ್ದಾರಲ್ಲ. ನಡುರಾತ್ರಿ ಅಂಗಳದಲ್ಲಿ ಟೊಟೊರೊ ಜೊತೆ ಮಕ್ಕಳು ಕುಣಿದು ಬೀಜಗಳನ್ನು ಮುಗಿಲೆತ್ತರದ ಮರ ಮಾಡುತ್ತಾರೆ. ಅಪ್ಪ ಒಳಗೆ ಕೂತು ಬರೆಯುತ್ತಿರುತ್ತಾನೆ, ಅವನಿಗೆ ಏನೂ ಗೊತ್ತಾಗಲ್ಲ. ಬೆಳಗ್ಗೆ ಎದ್ದು ನೋಡಿದರೆ ಮರ ಇಲ್ಲ. ಆದರೆ ಬೀಜ ಮೊಳಕೆ ಒಡೆದಿರುತ್ತೆ. ಟೊಟೊರೊ ನಿಜವಾಗಿ ಇತ್ತಾ, ಮಕ್ಕಳ ಕನಸಾ? ಆ ಬಗ್ಗೆ ಜಗಳ ಆಡೋದಾದರೆ ಹೇಳಿ, ನಾನೂ ಬರುತ್ತೇನೆ. ನಾನು ಟೊಟೊರೊ ಪಾರ್ಟಿ.