ಕೆಂಪು ನೀರಿನ ಬಾಟಲಿ

ಮೊನ್ನೆ ಬೆಳಗ್ಗೆ ಐದೂಮುಕ್ಕಾಲಿಗೆ ವಾಕಿಂಗ್ ಹೋಗುವಾಗ ಒಂದು ಬಾಟಲಿ ಎಡವಿದೆ. ಬಾಟಲಿ ಅಂದಕೂಡಲೇ ಬೇರೇನೂ ಯೋಚಿಸಬೇಡಿ. ಒಂದು ಲೀಟರಿನ ಹಳೆಯ ನೀರಿನ ಬಾಟಲಿ, ಒಳಗೆ ಕುಂಕುಮ ಕಲಸಿದ ನೀರು. ನಾಯಿ ಬಂದು ಗಲೀಜು ಮಾಡದಿರಲಿ ಅಂತ ಯಾರೋ ಗೇಟಿನ ಬುಡದಲ್ಲಿ ಇಟ್ಟದ್ದು. ಮುಚ್ಚಳ ಸಡಿಲವಾಗಿತ್ತು. ಮಗಳು ಕೊಡಿಸಿದ ಬಿಳಿ ಶೂ ಮೇಲೆ ಅಷ್ಟೂ ಸುರಿಯಿತು. ಹಾಲಿನ ಹುಡುಗ ಸ್ಕೂಟರ್ ನಿಲ್ಲಿಸಿ, "ಸಾರ್, ರಕ್ತ!" ಎಂದು ಕೂಗಿಕೊಂಡ.

ಗೇಟು ತೆರೆದು ಅಜ್ಜಿಯೊಬ್ಬರು ಬಂದರು. ನನ್ನ ಕಾಲು ನೋಡಲಿಲ್ಲ. ಬಾಟಲಿ ನೋಡಿ, "ಅಯ್ಯೋ, ನಿನ್ನೆ ತಾನೇ ಕಲಸಿಟ್ಟಿದ್ದೆ" ಎಂದರು.

ಫುಟ್‌ಪಾತ್ ಬಿಟ್ಟು ಅವರ ಗೇಟಿನ ಬುಡಕ್ಕೆ ನೀವ್ಯಾಕೆ ಹೋದಿರಿ ಅಂತ ಕೇಳಬಹುದು. ಬೆಂಗಳೂರಿನ ಬನಶಂಕರಿ 2ನೇ ಹಂತದಲ್ಲಿ ಒಮ್ಮೆ ನಡೆದು ನೋಡಿ. ಫುಟ್‌ಪಾತ್ ಮೇಲೆ ಹೊದ್ದುಕೊಂಡು ಮಲಗಿದ ಕಾರು. ಅದನ್ನು ದಾಟಿದರೆ ಮೂರು ಹೂಕುಂಡ, ಕುಂಡಕ್ಕೆ ‘ನೋ ಪಾರ್ಕಿಂಗ್’ ಬೋರ್ಡು. ಆಮೇಲೆ ದಾಸವಾಳದ ಗಿಡ, ಗಿಡಕ್ಕೆ ಕಬ್ಬಿಣದ ಬೇಲಿ. ಊರಿನವರ ಜಾಗದಲ್ಲಿ ತೋಟ ಮಾಡಿಕೊಂಡು ಊರಿನವರಿಗೇ ‘ಹೂ ಕೀಳಬೇಡಿ’ ಅಂತ ಬರೆದು ಹಾಕುತ್ತಾರೆ. ಮೈ ಉರಿಯುತ್ತದೆ. ಶುಗರ್ ಇಳಿಯಬೇಕಾದರೆ ನಡೀರಿ ಎಂದ ಡಾಕ್ಟರು ಬಿಪಿ ಬಗ್ಗೆ ಏನೂ ಹೇಳಿರಲಿಲ್ಲ.

ಹಾಗಂತ ದಾರಿಯಲ್ಲಿ ತಮಾಷೆಗೆ ಕಮ್ಮಿಯಿಲ್ಲ. ಹೊಸ ಮನೆಯ ಮುಂದೆ ನಾಲಿಗೆ ಚಾಚಿದ ದೃಷ್ಟಿಗೊಂಬೆ, ಅದರ ನೆತ್ತಿಯ ಮೇಲೆ ಸಿಸಿ ಕ್ಯಾಮೆರಾ. ಯಾರ ಮೇಲೆ ನಂಬಿಕೆ ಜಾಸ್ತಿಯೋ ತಿಳಿಯದು. ಒಂದು ಕಾಂಪೌಂಡಿಗೆ ಗಣಪತಿ, ಶಿಲುಬೆ, ಮಸೀದಿ ಮೂರೂ ಇರುವ ಟೈಲ್ಸು ಅಂಟಿಸಿದ್ದಾರೆ. ಸರ್ವಧರ್ಮ ಸಮನ್ವಯ ಅಂದುಕೊಳ್ಳಬೇಡಿ, ಯಾವ ಧರ್ಮದವನೂ ಅಲ್ಲಿ ನಿಂತು ಉಚ್ಚೆ ಹೊಯ್ಯಬಾರದು, ಅಷ್ಟೆ. ಇನ್ನೊಂದು ಹಳೆಯ ಬಾಗಿಲ ಮೇಲೆ ಪೇಂಟಿನಲ್ಲಿ ಬರೆದ ‘ನಾಳೆ ಬಾ’ ಇನ್ನೂ ಉಳಿದಿದೆ. ತೊಂಬತ್ತರ ದಶಕದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೆಂದು ಬರೆದದ್ದು. ಈಗ ಅದನ್ನು ಪಾಲಿಸುವವರು ಕೊರಿಯರ್ ಹುಡುಗರು ಮಾತ್ರ.

ಇರಲಿ, ಬಾಟಲಿಗೆ ಬರೋಣ. ಅಜ್ಜಿಯನ್ನು ಕೇಳಿದೆ, "ಅಮ್ಮ, ಇದಿಟ್ರೆ ನಾಯಿ ಬರಲ್ವಾ?"

"ಬರತ್ತೆ. ಬಾಟ್ಲಿ ಹತ್ರ ಬರಲ್ಲ."

"ಮತ್ತೆಲ್ಲಿ ಹೋಗತ್ತೆ?"

ಅಜ್ಜಿ ಪಕ್ಕದ ಮನೆಯ ಕಂಬದ ಕಡೆ ಕಣ್ಣಲ್ಲೇ ತೋರಿಸಿ, ದನಿ ತಗ್ಗಿಸಿ ಇಡೀ ಕಥೆ ಹೇಳಿದರು. ಮೊದಲು ಬಾಟಲಿ ಇಟ್ಟವರು ಇವರೇ. ನಾಯಿ ಪಕ್ಕದ ಮನೆಗೆ ಹೋಯಿತು. ಅವರು ಸುಮ್ನಿರುತ್ತಾರಾ? ಎರಡಿಟ್ಟರು. ನಾಯಿ ಎದುರುಮನೆಗೆ ದಾಟಿತು. ಎದುರುಮನೆಯವರು, ಕೆಂಪಿಗೆ ಹೆದರದ ನಾಯಿಯೂ ನೀಲಿಗೆ ಹೆದರುತ್ತದೆ ಎಂದು ಯಾರೋ ಹೇಳಿದ ಮಾತು ನಂಬಿ, ಬಟ್ಟೆಗೆ ಹಾಕುವ ನೀಲಿ ಕಲಸಿ ನಾಲ್ಕಿಟ್ಟರು. ಮೂಲೆ ಮನೆಯವರು ಗೇಟಿನ ಸರಳಿಗೆ ದಾರ ಕಟ್ಟಿ ನೇತುಹಾಕಿದರು. ದೂರದಿಂದ ನೋಡಿದರೆ ಆಸ್ಪತ್ರೆಯ ವಾರ್ಡು. ಯುಗಾದಿ ಹೊತ್ತಿಗೆ ಇಡೀ ಕ್ರಾಸು ಸಜ್ಜಾಗಿತ್ತು. ಇಷ್ಟಕ್ಕೂ ಶತ್ರು ಒಂದೇ ಒಂದು. ಎಡಗಿವಿ ಹರಿದ ಕರಿಯ. ಅಜ್ಜಿ ಇದನ್ನೆಲ್ಲ ಹೇಳುತ್ತಿರುವಾಗ ಅದು ಎದುರುಮನೆಯ ನೀಲಿ ಬಾಟಲಿಗೆ ಬೆನ್ನು ತಿಕ್ಕಿಕೊಂಡು ತುರಿಕೆ ತೀರಿಸಿಕೊಳ್ಳುತ್ತಿತ್ತು.

ನನಗೆ ತಡೆಯಲಾಗಲಿಲ್ಲ, ಉಪನ್ಯಾಸ ಶುರುಮಾಡಿದೆ. ಬಣ್ಣ ಗುರುತಿಸಲು ನಮ್ಮ ಕಣ್ಣಲ್ಲಿ ಮೂರು ಬಗೆಯ ಕೋಶಗಳಿವೆ, ನಾಯಿಗೆ ಎರಡೇ. 1989ರಲ್ಲಿ ಅಮೆರಿಕದ ವಿಜ್ಞಾನಿಗಳು ಮೂರು ನಾಯಿಗಳನ್ನು ಪರೀಕ್ಷೆಗೆ ಕೂರಿಸಿ ಇದನ್ನು ತೋರಿಸಿಕೊಟ್ಟಿದ್ದಾರೆ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ. ಕೆಂಪು ಅದಕ್ಕೆ ಮಣ್ಣುಮಣ್ಣು. ನೀವಿಟ್ಟ ಕುಂಕುಮದ ನೀರು ಕರಿಯನಿಗೆ ಕೆಂಪಾಗಿ ಕಾಣುವುದೇ ಇಲ್ಲ. ಜಪಾನಿನಲ್ಲೂ ಬೆಕ್ಕು ಬಾರದಿರಲಿ ಅಂತ ಮನೆ ಮುಂದೆ ಬಾಟಲಿ ಇಡುತ್ತಾರೆ, ಅದೂ ಬರೀ ನೀರು ತುಂಬಿ. ಕುಂಕುಮದ ಖರ್ಚೂ ಇಲ್ಲ.

ಅಜ್ಜಿ ಎಲ್ಲಾ ಕೇಳಿಸಿಕೊಂಡು, "ನಿಮ್ಮನೆ ಎಷ್ಟನೇದು?" ಎಂದರು.

ಹೇಳಿದೆ.

"ಓ, ಬಾಟ್ಲಿ ಇಲ್ದಿರೋ ಮನೆ. ಕರಿಯ ದಿನಾ ಬರತ್ತಲ್ಲ?"

ಬರುತ್ತದೆ. ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಮಳೆಯಿದ್ದರೆ ಹಗಲೆಲ್ಲಾ ಪೋರ್ಟಿಕೋದಲ್ಲೇ ಬಿಡಾರ.

ಮನೆಗೆ ಬಂದು ಶೂ ನೆನೆಹಾಕಿದೆ. ಕುಂಕುಮ ಹೋಗಲಿಲ್ಲ, ತಿಳಿ ಗುಲಾಬಿಯಾಗಿ ನಿಂತಿತು. ನಮ್ಮ ಮನೆಯಾಕೆಗೆ ನಡೆದದ್ದನ್ನೆಲ್ಲ ಹೇಳಿ, ವಿಜ್ಞಾನವನ್ನೂ ಒಪ್ಪಿಸಿದೆ. ನಾಯಿಯದು ಮೂಗಿನ ಲೆಕ್ಕಾಚಾರ, ತನ್ನ ವಾಸನೆ ಇದ್ದಲ್ಲಿಗೇ ಮತ್ತೆ ಬರುತ್ತದೆ, ಬಾಟಲಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ.

"ಸರಿ ರೀ. ಆ ವಾಸನೆ ತೊಳೆಯೋದು ಯಾರು ಈ ಮನೇಲಿ?"

ಇದಕ್ಕೆ 1989ರ ಪ್ರಯೋಗದಲ್ಲಿ ಉತ್ತರವಿಲ್ಲ. ಸಂಜೆ ಅಡುಗೆಮನೆಗೆ ಹೋದಾಗ ಎರಡು ಖಾಲಿ ಬಾಟಲಿ ತೊಳೆದು ಬೋರಲು ಹಾಕಿದ್ದಳು. ಪಕ್ಕದಲ್ಲಿ ಕುಂಕುಮದ ಪೊಟ್ಟಣ. ಸೋಲುವುದೇ ಆದರೆ ವೈಜ್ಞಾನಿಕವಾಗಿ ಸೋಲೋಣ ಅನ್ನಿಸಿತು. "ಕುಂಕುಮ ಬೇಡ ಮಾರಾಯ್ತಿ, ಅರಿಶಿನ ಹಾಕು. ಹಳದಿಯಾದರೂ ಅದಕ್ಕೆ ಕಾಣುತ್ತದೆ" ಎಂದೆ.

ಅವಳು ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಒಂದು ಕ್ಷಣ ಯೋಚಿಸಿದಳು.

"ಹಳದಿ ನೀರು ನೋಡಿದ್ರೆ, ಆಗಲೇ ಬೇರೆ ಯಾವುದೋ ನಾಯಿ ಬಂದುಹೋಗಿದೆ ಅಂದ್ಕೊಳ್ಳಲ್ವಾ?"