ಶಾಕ್ ಬೇಡ, ಕ್ಯಾರಿಯರ್ ಕೊಡಿ ಮಾರಾಯ್ರೇ

ಕಾಸರಗೋಡಿನಲ್ಲಿ ದೂರ ಓಡಿಸಲು ಕಡಿಮೆ ಬೆಲೆಯ ಸೈಕಲ್ ಕೇಳಿದರೆ ಸಾಕು, ಅಂಗಡಿಯವರು ದಪ್ಪ ಟಯರಿನ, ಮುಂದೆ ಶಾಕ್ (ಕುಲುಕು ತಡೆಯುವ ಸ್ಪ್ರಿಂಗ್) ಇರುವ ಸೈಕಲನ್ನೇ ಎಳೆದು ತರುತ್ತಾರೆ. ಬೇಕಲಕ್ಕೋ ಮಂಜೇಶ್ವರಕ್ಕೋ ಡಾಂಬರು ರಸ್ತೆಯಲ್ಲಿ ಹೋಗುವವನಿಗೆ ಶಾಕ್ ಯಾಕೆ? ಅಗ್ಗದ ಶಾಕ್ ಅಂದರೆ ಸುಮ್ನೆ ಭಾರ. ಏರಿನಲ್ಲಿ ಎದ್ದುನಿಂತು ತುಳಿದರೆ ಆ ಬಲವನ್ನೂ ಅದೇ ನುಂಗುತ್ತದೆ. ನನಗೆ ಬೇಕಾದದ್ದು ಶಾಕ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), 32ರಿಂದ 38 ಮಿಲಿಮೀಟರ್ ಟಯರು, ಕ್ಯಾರಿಯರ್ ಬಿಗಿಯಲು ಫ್ರೇಮಿನಲ್ಲಿ ತೂತು. "ಕ್ಯಾರಿಯರಾ? ಅದೆಲ್ಲ ಹಾಲಿನವರಿಗೆ" ಅಂತ ನಗು ಬೇರೆ! ಬ್ಯಾಗನ್ನು ತಲೆ ಮೇಲೆ ಹೊರಬೇಕಾ?

"21 ಗೇರ್ ಇದೆ" ಅಂತ ಇನ್ನೊಂದು ಜಂಬ. ಪಾಣತ್ತೂರು ದಾಟಿ ಭಾಗಮಂಡಲದ ಕಡೆ ಘಾಟಿ ಹತ್ತುವಾಗ ಅತಿ ಹಗುರದ ಗೇರು ಎಷ್ಟು ಹಗುರ ಅನ್ನುವುದೇ ಮುಖ್ಯ, ಅಲ್ವಾ? ಹಿಂದಿನ ಹಲ್ಲುಗಾಲಿಗೆ ಹಲ್ಲು ಹೆಚ್ಚಿದ್ದಷ್ಟೂ ಗೇರು ಹಗುರ; ಅದಕ್ಕೇ ಹಿಂದಿನ ಅತಿ ದೊಡ್ಡ ಹಲ್ಲುಗಾಲಿಗೆ ಎಷ್ಟು ಹಲ್ಲು ಅಂತ ಕೇಳಿದೆ. ಬಣ್ಣ ಯಾವುದು ಬೇಕು ಅಂತ ಕೇಳಿದರು.